ಬನ್ನೇರುಘಟ್ಟ ಮೃಗಾಲಯವನ್ನು ಹೊಸದಾಗಿ ಕಟ್ಟುವುದಾದರೆ ಶುರು ಎಲ್ಲಿಂದ?

ಓದುಗರ ಪ್ರಶ್ನೆ: ಬನ್ನೇರುಘಟ್ಟದಲ್ಲಿ ಜಾಗಕ್ಕೇನೂ ಬರವಿಲ್ಲ. ಆವರಣಗಳನ್ನು ಇನ್ನಷ್ಟು ದೊಡ್ಡದು ಮಾಡಿ ಮುಂದೆ ಗಾಜು ಹಾಕಿಬಿಟ್ಟರೆ ಸಾಲದೇ?

ಉತ್ತರ: ಜಾಗ ಇದೆ, ನಿಜ. ಜೈವಿಕ ಉದ್ಯಾನದ ಹರವು 700 ಹೆಕ್ಟೇರಿಗೂ ಹೆಚ್ಚು. ಆದರೆ ನಕ್ಷೆಯ ಮೊದಲ ಗೆರೆ ಬೀಳಬೇಕಾದ್ದು ಹಿಂಬದಿಯಲ್ಲಿ, ರಾತ್ರಿಕೋಣೆಯ ಜಾಗದಲ್ಲಿ. ಸಂಜೆ ಊಟಕ್ಕೆ ಒಳಬಂದ ಹುಲಿ ಮತ್ತೆ ಹೊರಬೀಳುವುದು ಬೆಳಿಗ್ಗೆ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಅದು ಅಲ್ಲೇ. 1992ರ ಮೃಗಾಲಯ ಮಾನ್ಯತೆ ನಿಯಮಗಳು ಹುಲಿ ಜೋಡಿಗೆ ಹೊರಗೆ ಕನಿಷ್ಠ 1000 ಚದರ ಮೀಟರ್ ಕೇಳಿದ್ದವು. ನಮ್ಮೂರ ಲೆಕ್ಕದಲ್ಲಿ ಸುಮಾರು ಒಂಬತ್ತು ತರ್ಟಿ-ಫಾರ್ಟಿ ಸೈಟು. ಒಳಕೋಣೆಗೆ ಕೇಳಿದ್ದು 2.75 ಮೀಟರ್ ಉದ್ದ, 1.80 ಮೀಟರ್ ಅಗಲ. 53 ಚದರ ಅಡಿ ಅಷ್ಟೇ. ಒಂಬತ್ತು ಸೈಟನ್ನು ಹದಿನೆಂಟು ಮಾಡಿದರೂ ಹುಲಿಯ ರಾತ್ರಿ ಕಳೆಯುವುದು ಆ 53 ಅಡಿಯಲ್ಲೇ.

ಕೋಣೆಗಳು ಪ್ರಾಣಿಗಳಿಗಿಂತ ಒಂದಾದರೂ ಹೆಚ್ಚಿರಲಿ. ಎಲ್ಲವೂ ಭರ್ತಿಯಾಗಿದ್ದರೆ ತೊಳೆಯುವಾಗ ಪ್ರಾಣಿಯನ್ನು ಎಲ್ಲಿ ಬಿಡುವುದು? ಸರಿಯುವ ಬಾಗಿಲನ್ನು ಎಳೆಯುವ ಸಿಬ್ಬಂದಿಗೆ ಬಾಗಿಲೂ ಕಾಣಬೇಕು, ಅದರಾಚೆಯ ಪ್ರಾಣಿಯೂ ಕಾಣಬೇಕು. ಹಿಡಿಯನ್ನು ಗೋಡೆಯ ಮರೆಯಲ್ಲಿಟ್ಟರೆ ಬಾಲ ಸಿಕ್ಕಿಕೊಳ್ಳುವುದು, ಎರಡು ಗಂಡು ಒಂದೇ ಕೋಣೆ ಸೇರುವುದು ಎಲ್ಲ ಆಗುತ್ತದೆ. ಚುಚ್ಚುಮದ್ದಿಗೆ ಬೇಕಾದ ಸ್ಕ್ವೀಜ್ ಕೇಜನ್ನು, ಅಂದರೆ ಒಂದು ಬದಿಯನ್ನು ಒಳಕ್ಕೆ ಒತ್ತಿ ಪ್ರಾಣಿ ಅಲುಗಾಡದಂತೆ ಹಿಡಿಯುವ ಪಂಜರವನ್ನು, ಪ್ರಾಣಿ ದಿನಾ ಓಡಾಡುವ ದಾರಿಯಲ್ಲೇ ಕೂರಿಸಬೇಕು. ಮೂಲೆಯಲ್ಲಿಟ್ಟರೆ ಅದರೊಳಗೆ ಕಾಲಿಡುವುದಿಲ್ಲ, ಪ್ರತಿಸಲವೂ ಅರಿವಳಿಕೆ ಕೊಡಬೇಕಾಗುತ್ತದೆ. ಕೋಣೆಗೂ ಮುಖ್ಯ ಆವರಣಕ್ಕೂ ನಡುವೆ ಮೇಲೆ ಬಯಲಾದ ಕ್ರಾಲ್, ಅಂದರೆ ಬೇಲಿ ಸುತ್ತಿದ ಚಿಕ್ಕ ಅಂಗಳ, ಒಂದಿದ್ದರೆ, ಬೇಲಿ ರಿಪೇರಿಯಾಗುವ ದಿನವೂ ಪ್ರಾಣಿಗೆ ಬಿಸಿಲು ಸಿಗುತ್ತದೆ.

ಚರಂಡಿಯ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ಕೋಣೆಯಿಂದ ಕೋಣೆಗೆ ಹರಿಯುವ ಒಂದೇ ಚರಂಡಿಯೆಂದರೆ ಒಬ್ಬರ ರೋಗ ಸಾಲಿಗೆಲ್ಲ ಹಂಚಿದಂತೆ. ಪ್ರತಿ ಕೋಣೆಯ ನೆಲವೂ ಅದರದೇ ಕಿಂಡಿಯ ಕಡೆ ವಾಲಿ, ನೀರು ಗೋಡೆಯಾಚೆಯ ಮುಚ್ಚಿದ ಚರಂಡಿಗೆ ಬೀಳಬೇಕು. 2023ರಲ್ಲಿ ಇಲ್ಲಿ ಏಳು ಚಿರತೆ ಮರಿಗಳನ್ನು ಬಲಿ ಪಡೆದ ಫೆಲೈನ್ ಪ್ಯಾನ್‌ಲ್ಯೂಕೋಪೀನಿಯಾ ಎಂಬ, ಬೆಕ್ಕಿನ ಜಾತಿಯ ಪ್ರಾಣಿಗಳಿಗೆ ತಗಲುವ ವೈರಸ್ ಬೂಟು, ಬಕೆಟ್, ಪೊರಕೆಗಳಿಗೂ ಅಂಟಿಕೊಂಡು ಸಾಗುವಂಥದ್ದು, ತಿಂಗಳುಗಟ್ಟಲೆ ಬದುಕಿರುತ್ತದೆ. ಮಾಮೂಲಿ ಸೋಪಿಗೂ ಸ್ಪಿರಿಟ್ಟಿಗೂ ಬಗ್ಗುವುದಿಲ್ಲ. ಬ್ಲೀಚ್ ದ್ರಾವಣಕ್ಕೆ ಬಗ್ಗುತ್ತದೆ, ಅದೂ ಮಲ, ಮಾಂಸದ ಚೂರು ಮೊದಲು ತೊಳೆದುಹೋಗಿದ್ದರೆ ಮಾತ್ರ. ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಗೇ ಖರ್ಚಾಗುತ್ತದೆ. ಹಾಗಾಗಿ ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ, ಪ್ರತಿ ಸಾಲಿಗೆ ಬೇರೆ ಬಕೆಟ್ ಇಡಲು ಜಾಗ, ಕಾಡಿನಿಂದ ರಕ್ಷಿಸಿ ತಂದ ಮರಿಗಳಿಗೆ ಪೂರಾ ಬೇರೆ ಕಟ್ಟಡ, ಇವೆಲ್ಲ ನಕ್ಷೆಯಲ್ಲೇ ಬರಬೇಕು. ಆಮೇಲೆ ಸೇರಿಸಲು ಹೋದರೆ ಜಾಗ ಸಿಗುವುದಿಲ್ಲ.

ಇನ್ನು ಗಾಜು. ಬೇಡ ಎನ್ನುವುದಿಲ್ಲ, ಆದರೆ ಮೇಲೆ ಚಾವಣಿ ಹಾಕಿ ನೋಡುವವರ ಕಡೆ ನೆರಳು ಮಾಡದಿದ್ದರೆ ಅದರಲ್ಲಿ ನಿಮ್ಮ ಮುಖವೇ ಕಾಣುವುದು. ನೋಡುವ ತಾಣ ಒಂದೇ ಬದಿಗಿರಲಿ. ಸುತ್ತಲೂ ಜನ ನಿಂತರೆ ಪ್ರಾಣಿಗೆ ಮರೆಯಾಗಲು ಮೂಲೆಯೇ ಇರುವುದಿಲ್ಲ. ನೆರಳಿಗೆ ಹೊಂಗೆ, ಅತ್ತಿ, ಬಸರಿ ಸಾಕು. ಚಿರತೆಯ ಬೇಲಿಗೆ ಕೊಂಬೆ ಚಾಚದಂತೆ ವರ್ಷವರ್ಷ ಸವರಬೇಕು. ರಸ್ತೆ ವಿಭಜಕದಲ್ಲಿ ಚೆಂದ ಕಂಡಿತೆಂದು ಕಣಗಿಲೆಯನ್ನು ಜಿಂಕೆಗಳ ಹತ್ತಿರ ನೆಡಬಾರದು, ಅದರ ಎಲೆಯೇ ವಿಷ. ಕಂದಕಕ್ಕೆ ತರಗೆಲೆ ಕಟ್ಟಿಕೊಂಡರೆ ಸೆಪ್ಟೆಂಬರ್‌ ಮಳೆಗೆ ನೀರು ಏರುತ್ತದೆ, ಗೋಡೆಯ ಎತ್ತರ ಅಷ್ಟು ಕಡಿಮೆಯಾದಂತೆ.

ಕಾಮಗಾರಿಯ ಕ್ರಮವೂ ಹಿಂಬದಿಯಿಂದಲೇ. ಕೇಂದ್ರ ಮೃಗಾಲಯ ಪ್ರಾಧಿಕಾರ ಒಪ್ಪಿದ ಮಾಸ್ಟರ್ ಪ್ಲಾನಿನೊಳಗೆ ಮೊದಲು ಹೊಸ ರಾತ್ರಿಕೋಣೆ ಏಳಬೇಕು. ಬಾಗಿಲು ತೆರೆದಿಟ್ಟು ಊಟವನ್ನು ಅಲ್ಲಿಗೆ ಬದಲಿಸಿ, ಪ್ರಾಣಿ ಒಳಗೆ ಮಲಗಲು ಒಗ್ಗಿದ ಮೇಲೆ ಬಾಗಿಲು ಮುಚ್ಚುವ ಅಭ್ಯಾಸ. ಹಳೆಯದನ್ನು ಒಡೆಯುವುದು ಅದಾದ ನಂತರ.