ಒಂದೇ ಟೇಬಲ್ಲು, ಐವತ್ತು ವರ್ಷದಿಂದ ಅದನ್ನ ತುಂಬಿಸದೇ ತಪ್ಪಿಸ್ಕೊಳ್ಳೋ ಪ್ರಯತ್ನ

ಅಸಹಜ, ಸಹಜ. ಈ ಎರಡನ್ನ ಒಂದರ ಕೆಳಗೊಂದು ಬರೆದು ಎಡಗಡೆಯಿಂದ ಅಕ್ಷರಕ್ಕೆ ಅಕ್ಷರ ಹೋಲಿಸ್ತಾ ಹೋಗಿ. ಅ ಕೆಳಗೆ ಸ ಬರುತ್ತೆ, ಸ ಕೆಳಗೆ ಹ, ಹ ಕೆಳಗೆ ಜ, ಕೊನೇ ಜ ಕೆಳಗೆ ಏನೂ ಇಲ್ಲ, ಅಂದ್ರೆ ಒಂದೂ ಹೊಂದಲ್ಲ. ಎರಡನೇದನ್ನ ಒಂದೇ ಒಂದು ಮನೆ ಬಲಕ್ಕೆ ಸರಿಸಿದ್ರೆ ಮೂರೂ ಅಕ್ಷರ ಸರಿಯಾಗಿ ಕೂತ್ಕೊಳ್ಳುತ್ತೆ, ಅ ಮಾತ್ರ ಒಂಟಿಯಾಗಿ ಉಳಿಯುತ್ತೆ. ನಮ್ಮ ಕಣ್ಣಿಗೆ ಇದು ತಕ್ಷಣ ಗೊತ್ತಾಗುತ್ತೆ, ಆದ್ರೆ ಎಲ್ಲಿ ಜಾಗ ಬಿಡ್ಬೇಕು ಅಂತ ಕಂಪ್ಯೂಟರ್‌ಗೆ ಹೇಳ್ಕೊಡಬೇಕು. ಸೀಕ್ವೆನ್ಸ್ ಅಲೈನ್‌ಮೆಂಟ್ ಅಂದ್ರೆ ಮೂಲದಲ್ಲಿ ಇಷ್ಟೇ.

ಎಲ್ಲಾ ಸಾಧ್ಯತೆ ಒಂದೊಂದಾಗಿ ನೋಡ್ಬಿಟ್ರಾಯ್ತಲ್ಲ ಅಂದ್ರೆ ಆಗಲ್ಲ. ನೂರು ನೂರು ಅಕ್ಷರದ ಎರಡು ಸಾಲನ್ನ ಹೊಂದಿಸೋ ದಾರಿಗಳನ್ನ ಎಣಿಸಿದ್ರೆ 1ರ ಮುಂದೆ 50 ಸೊನ್ನೆ ಹಾಕಿದ್ರೂ ಸಾಲಲ್ಲ. ಹಾಗಾಗಿ ಟೇಬಲ್ ಹಾಕ್ತಾರೆ. ಮೇಲೆ ಸಹಜ, ಪಕ್ಕದಲ್ಲಿ ಅಸಹಜ ಬರೀರಿ, ಮೊದಲ ಸಾಲು ಮತ್ತೆ ಮೊದಲ ಕಾಲಮ್ಮನ್ನ 'ಇನ್ನೂ ಏನೂ ಓದಿಲ್ಲ' ಅನ್ನೋದಕ್ಕೆ ಇಟ್ಕೊಂಡು ಅಲ್ಲಿ 0, 1, 2, 3 ಅಂತ ಸುಮ್ನೆ ಎಣಿಸ್ಕೊಂಡು ಹೋಗಿ. ಉಳಿದ ಪ್ರತಿ ಮನೇಲೂ ಇಲ್ಲೀವರೆಗಿನದನ್ನ ಹೊಂದಿಸೋಕೆ ಎಷ್ಟು ತಿದ್ದುಪಡಿ ಬೇಕು ಅಂತ ಬರೀಬೇಕು, ಅದಕ್ಕೆ ನೋಡ್ಬೇಕಾದ್ದು ಮೂರೇ ಮನೆ, ಮೇಲಿಂದು, ಎಡಗಡೆದು, ಮೇಲಿನ ಎಡ ಮೂಲೇದು. ಮೇಲಿಂದ ಅಥವಾ ಎಡದಿಂದ ಬಂದ್ರೆ ಒಂದು ಅಕ್ಷರ ಬಿಟ್ಟ ಲೆಕ್ಕ, ಒಂದು ಕೂಡಿಸಿ. ಮೂಲೆಯಿಂದ ಬಂದಾಗ ಅಕ್ಷರ ಎರಡೂ ಒಂದೇ ಆಗಿದ್ರೆ ಏನೂ ಕೂಡಿಸ್ಬೇಡಿ, ಬೇರೆ ಆಗಿದ್ರೆ ಒಂದು. ಮೂರರಲ್ಲಿ ಯಾವುದು ಕಮ್ಮಿಯೋ ಅದು ಉತ್ತರ. ಸ ಮತ್ತು ಸ ಸೇರೋ ಮನೇಲಿ 1 ಬರುತ್ತೆ, ಅಲ್ಲಿಂದ ಹ-ಹ, ಜ-ಜ ಓರೆಯಾಗಿ ಇಳೀತಾ 1 ಹಾಗೇ ಉಳಿಯುತ್ತೆ, ಬಲಗಡೆ ಕೆಳಗಿನ ಕೊನೇ ಮನೇಲೂ 1. ಎಲ್ಲಿಂದ ಬಂದ್ವಿ ಅಂತ ವಾಪಸ್ ಹಿಡ್ಕೊಂಡು ಹೋದ್ರೆ ಅ ಬಿಟ್ಟಿದ್ದು ಗೊತ್ತಾಗುತ್ತೆ. ಒಟ್ಟು 20 ಮನೆ. ನೂರಕ್ಷರದ್ದಾದ್ರೆ ಹತ್ತು ಸಾವಿರ ಚಿಲ್ಲರೆ, 50 ಸೊನ್ನೆ ಎಲ್ಲಿ ಇದೆಲ್ಲಿ! ದೊಡ್ಡ ಸಮಸ್ಯೆಯನ್ನ ಹೀಗೆ ಚಿಕ್ಕ ಸಮಸ್ಯೆಗಳ ಉತ್ತರದಿಂದ ಕಟ್ಟೋದಕ್ಕೆ 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಡೈನಾಮಿಕ್ ಪ್ರೋಗ್ರಾಮಿಂಗ್ ಅಂತ ಹೆಸರಿಟ್ಟಿದ್ರು.

ಈಗ ಮಜಾ ಏನಂದ್ರೆ ಈ ಟೇಬಲ್ಲನ್ನ ಕಂಡುಹಿಡಿದವರು ಒಬ್ಬರಲ್ಲ, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಜನ ಮತ್ತೆ ಮತ್ತೆ ಕಂಡುಹಿಡಿದಿದ್ದಾರೆ. ಎಲ್ಲರೂ ಹೇಳೋ ಹೆಸರು ಲೆವೆನ್‌ಸ್ಟೈನ್, ಆದ್ರೆ 1965ರಲ್ಲಿ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ಕೊಟ್ಟಿದ್ದು ಒಂದು ಸಾಲನ್ನ ಇನ್ನೊಂದು ಮಾಡೋಕೆ ಎಷ್ಟು ತಿದ್ದುಪಡಿ ಬೇಕು ಅನ್ನೋ 'ದೂರ'ದ ಅಳತೆ, ಅದೂ ಸಂದೇಶ ಕಳಿಸುವಾಗ ಬಿಟ್‌ಗಳು ಬಿದ್ದುಹೋದ್ರೆ ಸರಿಮಾಡೋ ಕೋಡ್‌ಗಳ ವಿಚಾರದಲ್ಲಿ, ಟೇಬಲ್ ಅವರದ್ದಲ್ಲ. ಟೇಬಲ್ ಬಂದಿದ್ದು 1968ರಲ್ಲಿ, ಕೀವ್‌ನಲ್ಲಿ ತಾರಾಸ್ ವಿಂತ್ಸ್ಯುಕ್ ಮಾತು ಗುರುತಿಸೋ ಕೆಲಸಕ್ಕೆ ಬಳಸಿದ್ರು, ಯಾಕಂದ್ರೆ ಒಂದೇ ಪದಾನ ಒಬ್ಬರು ಎಳೆದು ಹೇಳ್ತಾರೆ ಇನ್ನೊಬ್ಬರು ಗಡಿಬಿಡೀಲಿ ಹೇಳ್ತಾರೆ, ಎರಡನ್ನೂ ಹೊಂದಿಸ್ಬೇಕು. 1970ರಲ್ಲಿ ಅಮೆರಿಕದಲ್ಲಿ ಸಾಲ್ ನೀಡಲ್‌ಮನ್ ಮತ್ತೆ ಕ್ರಿಶ್ಚಿಯನ್ ವುನ್ಷ್ ಪ್ರೋಟೀನ್ ಹೋಲಿಸೋಕೆ ಇದನ್ನೇ ತಂದ್ರು. ಆಮೇಲೆ 1972ರಲ್ಲಿ ಡೇವಿಡ್ ಸ್ಯಾಂಕಾಫ್, 1974ರಲ್ಲಿ ಪೀಟರ್ ಸೆಲ್ಲರ್ಸ್, ಅದೇ ವರ್ಷ ಕಂಪ್ಯೂಟರ್ ಸೈನ್ಸ್ ಕಡೆಯಿಂದ ವ್ಯಾಗ್ನರ್ ಮತ್ತೆ ಫಿಶರ್. ಭಾಷೆ ಬೇರೆ, ಜರ್ನಲ್ ಬೇರೆ, ಲೆಕ್ಕ ಮಾತ್ರ ಒಂದೇ.

ಬಯಾಲಜಿಯವರಿಗೆ ಯಾಕೆ ಬೇಕಾಯ್ತು ಅಂದ್ರೆ, 1950ರ ದಶಕದಲ್ಲಿ ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್‌ನ ಅಮೈನೋ ಆಸಿಡ್‌ಗಳ ಕ್ರಮ ಓದಿದ ಮೇಲೆ ಪ್ರೋಟೀನ್ ಅಂದ್ರೆ 20 ಅಕ್ಷರದ ಲಿಪಿಯಲ್ಲಿ ಬರೆದ ಒಂದು ಸಾಲು ಅನ್ನೋದು ಪಕ್ಕಾ ಆಯ್ತು. ಮಾರ್ಗರೆಟ್ ಡೇಹಾಫ್ 1965ರಲ್ಲಿ ಅಷ್ಟರವರೆಗೆ ಗೊತ್ತಿದ್ದ 65 ಪ್ರೋಟೀನ್‌ಗಳ ಸಾಲುಗಳನ್ನ ಸೇರಿಸಿ ಒಂದು ಸಂಗ್ರಹ ತಂದ್ರು. ಆದ್ರೆ ಇಲ್ಲಿ ತಿದ್ದುಪಡಿ ಎಣಿಸಿದ್ರೆ ಸಾಲಲ್ಲ. ವಿಕಾಸದಲ್ಲಿ ಕೆಲವು ಅಮೈನೋ ಆಸಿಡ್‌ಗಳು ಒಂದರ ಜಾಗಕ್ಕೆ ಇನ್ನೊಂದು ಆರಾಮಾಗಿ ಬಂದು ಕೂರುತ್ತೆ, ಕೆಲವು ಬಂದ್ರೆ ಪ್ರೋಟೀನೇ ಕೆಟ್ಟುಹೋಗುತ್ತೆ, ಎರಡಕ್ಕೂ ಒಂದೇ ದಂಡ ಹಾಕೋದು ಅನ್ಯಾಯ. ಅದಕ್ಕೆ ಯಾವುದರ ಎದುರು ಯಾವುದು ಬಂದ್ರೆ ಎಷ್ಟು ಅಂಕ ಅಂತ ಹೇಳೋ ಡೇಹಾಫ್ ಅವರ ಪ್ಯಾಮ್ ಅಂಕಪಟ್ಟಿ ಬಂತು (ಹೋಲಿದ್ರೆ ಪ್ಲಸ್, ಹೋಲದಿದ್ರೆ ಮೈನಸ್, ಹಾಗಾಗಿ ಈಗ ಮನೇಲಿ ಬರೆಯೋದು ಮೂರರಲ್ಲಿ ಕಮ್ಮಿ ಇರೋದನ್ನಲ್ಲ, ಜಾಸ್ತಿ ಇರೋದನ್ನ), 1992ರಲ್ಲಿ ಹೆನಿಕಾಫ್ ದಂಪತಿಯ ಬ್ಲೋಸಮ್ ಬಂತು. ನನ್ನ ಕೇಳಿದ್ರೆ ಅಲ್ಗಾರಿದಮ್‌ಗಿಂತ ಈ ಅಂಕಪಟ್ಟೀಲೇ ಅಸಲಿ ವಿಷಯ ಇರೋದು, ಟೇಬಲ್ ಪಾಪ ಹೇಳಿದ್ದನ್ನ ಕೂಡುತ್ತೆ ಅಷ್ಟೇ, ಯಾವುದನ್ನ ಹೋಲಿಕೆ ಅನ್ಬೇಕು ಅಂತ ತೀರ್ಮಾನ ಮಾಡೋದು ಅಂಕಪಟ್ಟಿ. ಇದ್ರಲ್ಲೊಂದು ತಮಾಷೆ ಇದೆ: ಎಲ್ಲಾ ಕಡೆ ಬಳಸೋ ಬ್ಲೋಸಮ್ 62 ಪಟ್ಟಿ ಲೆಕ್ಕ ಹಾಕಿದ ಪ್ರೋಗ್ರಾಮ್‌ನಲ್ಲೇ ತಪ್ಪಿತ್ತು ಅಂತ 2008ರಲ್ಲಿ ಗೊತ್ತಾಯ್ತು, ಸರಿ ಅಂತ ತಿದ್ದಿ ನೋಡಿದ್ರೆ ತಿದ್ದಿದ ಪಟ್ಟಿಗಿಂತ ತಪ್ಪಿದ್ದ ಪಟ್ಟಿನೇ ಹೋಲೋ ಪ್ರೋಟೀನ್‌ಗಳನ್ನ ಹುಡುಕೋದ್ರಲ್ಲಿ ಒಂಚೂರು ಮುಂದೆ!

1981ರಲ್ಲಿ ಟೆಂಪಲ್ ಸ್ಮಿತ್ ಮತ್ತೆ ಮೈಕಲ್ ವಾಟರ್‌ಮನ್ ಮೂರೇ ಪುಟದ ಒಂದು ಪೇಪರ್ ಬರೆದ್ರು. ಅದ್ರಲ್ಲಿರೋ ಬದಲಾವಣೆ ಒಂದು ಸಾಲಿನಲ್ಲಿ ಹೇಳ್ಬಹುದು, ಮನೇಲಿ ಬರೋ ಅಂಕ ಮೈನಸ್‌ಗೆ ಹೋದ್ರೆ ಸೊನ್ನೆ ಬರೀರಿ. ಅಷ್ಟಕ್ಕೇ ಇಡೀ ಸಾಲನ್ನ ಇಡೀ ಸಾಲಿನ ಜೊತೆ ಹೊಂದಿಸೋ ಬದಲು ಎರಡರಲ್ಲೂ ಚೆನ್ನಾಗಿ ಹೋಲೋ ತುಣುಕು ಎಲ್ಲಿದ್ರೂ ಸಿಗೋ ಹಾಗಾಯ್ತು. ಮರುವರ್ಷ ಒಸಾಮು ಗೋಟೋ, ಜಾಗ ಬಿಡೋಕೆ ಶುರು ಮಾಡಿದ್ರೆ ದೊಡ್ಡ ದಂಡ, ಬಿಟ್ಟಿದ್ದನ್ನ ಮುಂದುವರಿಸಿದ್ರೆ ಚಿಕ್ಕ ದಂಡ ಅನ್ನೋ ಲೆಕ್ಕಾನೂ ಅಷ್ಟೇ ವೇಗದಲ್ಲಿ ಮಾಡೋ ದಾರಿ ತೋರಿಸಿದ್ರು. ಸರಿಯಾದ ಉತ್ತರದ ಕಥೆ ಹೆಚ್ಚುಕಮ್ಮಿ ಇಲ್ಲಿಗೇ ಮುಗೀತು. ಆಮೇಲಿಂದು ಟೇಬಲ್ಲನ್ನ ಪೂರ್ತಿ ತುಂಬಿಸದೇ ತಪ್ಪಿಸ್ಕೊಳ್ಳೋ ಕಥೆ.

ಯಾಕೆ ತಪ್ಪಿಸ್ಕೋಬೇಕು ಅಂದ್ರೆ ಮನುಷ್ಯನ ಜೀನೋಮ್, ಅಂದ್ರೆ ಇಡೀ ಡಿಎನ್‌ಎ ಸಾಲು, ಸುಮಾರು 300 ಕೋಟಿ ಅಕ್ಷರ, ಅಂಥ ಎರಡನ್ನ ಟೇಬಲ್‌ಗೆ ಹಾಕಿದ್ರೆ ಸೆಕೆಂಡಿಗೆ 100 ಕೋಟಿ ಮನೆ ತುಂಬಿಸಿದ್ರೂ 280 ವರ್ಷಕ್ಕಿಂತ ಜಾಸ್ತಿ ಬೇಕು. ಇಷ್ಟೊಂದು ಮನೆ ಇಟ್ಕೊಳ್ಳೋ ಮೆಮೊರಿ ಕಾಟಕ್ಕೆ ಮದ್ದು 1975ರಲ್ಲೇ ಸಿಕ್ಕಿತ್ತು, ಡ್ಯಾನ್ ಹಿರ್ಶ್‌ಬರ್ಗ್ ಸಾಲನ್ನ ಮಧ್ಯಕ್ಕೆ ಮಧ್ಯಕ್ಕೆ ಕತ್ತರಿಸ್ತಾ ಹೋದ್ರೆ ಟೇಬಲ್‌ನ ಎರಡು ಸಾಲಿನಷ್ಟು ಜಾಗ ಸಾಕು ಅಂತ ತೋರಿಸಿದ್ರು, ಸಮಯ ಮಾತ್ರ ಇಳೀಲಿಲ್ಲ.

ಪ್ರೋಗ್ರಾಮರ್‌ಗಳ ಕಡೆ ಇದು ಸುಲಭವಾಗಿ ಬಗೆಹರೀತು. ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮೆಕಿಲ್‌ರಾಯ್ ಮತ್ತೆ ಜೇಮ್ಸ್ ಹಂಟ್ ಸೇರಿ ಯುನಿಕ್ಸ್‌ಗೆ, ಎರಡು ಫೈಲ್‌ಗಳ ವ್ಯತ್ಯಾಸ ತೋರಿಸೋ ಡಿಫ್ ಅನ್ನೋ ಪ್ರೋಗ್ರಾಮ್ ಮಾಡಿದಾಗ ಅಕ್ಷರದ ಬದಲು ಇಡೀ ಲೈನನ್ನೇ ಒಂದು ಅಕ್ಷರ ಅಂತ ಇಟ್ಕೊಂಡ್ರು. ಒಂದೇ ಫೈಲ್‌ನ ಹಳೇದು ಹೊಸದರಲ್ಲಿ ವ್ಯತ್ಯಾಸ ಇರೋದೇ ನಾಲ್ಕೈದು ಲೈನು, ಅಂದ್ರೆ ಉತ್ತರದ ದಾರಿ ಟೇಬಲ್‌ನ ಓರೆಗೆರೆ ಬಿಟ್ಟು ದೂರ ಹೋಗಲ್ಲ. 1986ರಲ್ಲಿ ಜೀನ್ ಮೈಯರ್ಸ್ ಇದನ್ನೇ ಹಿಡ್ಕೊಂಡು ಸೊನ್ನೆ ವ್ಯತ್ಯಾಸ, ಒಂದು ವ್ಯತ್ಯಾಸ, ಎರಡು ಅಂತ ಹೊರಕ್ಕೆ ಹರಡ್ತಾ ಹೋಗೋ ವಿಧಾನ ಬರೆದ್ರು, ವ್ಯತ್ಯಾಸ ಕಮ್ಮಿ ಇದ್ದಷ್ಟೂ ಬೇಗ ಮುಗಿಯುತ್ತೆ. ಇವತ್ತು ಕೋಡ್‌ನ ಹಳೇ ಹೊಸ ಆವೃತ್ತಿಗಳನ್ನ ಇಟ್ಕೊಳ್ಳೋ ಗಿಟ್‌ನಲ್ಲಿ ಕೆಂಪು ಹಸಿರು ಲೈನ್ ಕಾಣೋದು ಡೀಫಾಲ್ಟಾಗಿ ಇದೇ ವಿಧಾನದಿಂದ.

ಬಯಾಲಜಿಗೆ ಆ ಅನುಕೂಲ ಇರ್ಲಿಲ್ಲ, ಹೊಸ ಸಾಲು ಒಂದು ಸಿಕ್ಕಿದ್ರೆ ಅದು ಡೇಟಾಬೇಸ್‌ನಲ್ಲಿ ಯಾರನ್ನ ಹೋಲುತ್ತೆ ಅಂತಾನೇ ಗೊತ್ತಿರಲ್ಲ. ಹುಡುಕೋದ್ರ ಬೆಲೆ ಏನು ಅಂತ 1983ರಲ್ಲಿ ಎಲ್ಲರಿಗೂ ಗೊತ್ತಾಯ್ತು. ಕೋತಿಗಳಲ್ಲಿ ಸಾರ್ಕೋಮಾ ಅನ್ನೋ ಕ್ಯಾನ್ಸರ್ ತರೋ ಒಂದು ವೈರಸ್‌ನ ಕ್ಯಾನ್ಸರ್ ಜೀನು, ಗಾಯ ಮಾಯೋವಾಗ ಕೆಲಸ ಮಾಡೋ ಮಾಮೂಲಿ ಬೆಳವಣಿಗೆ ಪ್ರೋಟೀನ್ ಪಿಡಿಜಿಎಫ್‌ಗೆ ಹತ್ತಿರದ ನೆಂಟ ಅಂತ ರಸೆಲ್ ಡೂಲಿಟಲ್ ಮತ್ತೆ ಜೊತೆಗಾರರು ಸಾಲು ಹೋಲಿಸೇ ಕಂಡುಹಿಡಿದ್ರು, ಅದೇ ವರ್ಷ ಇನ್ನೊಂದು ತಂಡಾನೂ ಇದನ್ನೇ ವರದಿ ಮಾಡ್ತು. ಕ್ಯಾನ್ಸರ್ ಅಂದ್ರೆ ಬೆಳವಣಿಗೆಯ ಸಿಗ್ನಲ್ ಹದ ತಪ್ಪಿದ್ದು ಅನ್ನೋ ಯೋಚನೆಗೆ ಅದರಿಂದ ದೊಡ್ಡ ಬಲ ಬಂತು.

ಆಮೇಲೆ ಎಲ್ಲರಿಗೂ ಹುಡುಕಾಟ ಬೇಕಾಯ್ತು, ಅದೂ ಬೇಗ. ಡೇವಿಡ್ ಲಿಪ್‌ಮನ್ ಮತ್ತೆ ವಿಲಿಯಮ್ ಪಿಯರ್ಸನ್ ಅವರ ಫಾಸ್ಟಾ ಅನ್ನೋ ಹುಡುಕೋ ಪ್ರೋಗ್ರಾಮ್ 1980ರ ದಶಕದಲ್ಲಿ ಬಂತು, 1990ರಲ್ಲಿ ಬ್ಲಾಸ್ಟ್. ಬ್ಲಾಸ್ಟ್ ಪೇಪರ್ ಬರೆದ ಐವರಲ್ಲಿ ಲಿಪ್‌ಮನ್ ಇದ್ದಾರೆ, ಡಿಫ್‌ನ ಮೈಯರ್ಸ್ ಕೂಡ ಇದ್ದಾರೆ. ಇದ್ರ ಉಪಾಯ ಸರಳ: ಎರಡು ಸಾಲು ನಿಜಕ್ಕೂ ನೆಂಟರಾಗಿದ್ರೆ ಎಲ್ಲೋ ಒಂದು ಕಡೆ ಚಿಕ್ಕ ತುಣುಕು ಹಾಗ್‌ಹಾಗೇ ಸಿಗಲೇಬೇಕು, ಡಿಎನ್‌ಎಗೆ ಅಂದ್ರೆ 11 ಅಕ್ಷರ, ಮೊದಲು ಆ ಬೀಜ ಹುಡುಕಿ, ಸಿಕ್ಕಲ್ಲಿ ಮಾತ್ರ ಎರಡೂ ಕಡೆ ಬೆಳೆಸಿ, ಬೇರೆ ಕಡೆ ಟೇಬಲ್ ಮುಟ್ಟೋದೇ ಬೇಡ. 'ಸಿಗಲೇಬೇಕು' ಅನ್ನೋದು ನಿಜ ಅಲ್ಲ ಅನ್ನೋದೇ ಇಲ್ಲಿನ ತೊಂದರೆ. ಪ್ರತಿ ಹತ್ತನೇ ಅಕ್ಷರ ಮಾತ್ರ ಬೇರೆ ಇರೋ ಎರಡು ಸಾಲು ತಗೊಳ್ಳಿ, 90 ಪರ್ಸೆಂಟ್ ಒಂದೇ, ಆದ್ರೂ ಸತತವಾಗಿ ಹೊಂದೋದು ಒಂಬತ್ತೇ ಅಕ್ಷರ, 11ರ ಬೀಜಕ್ಕೆ ಅದು ಕಾಣೋದೇ ಇಲ್ಲ. 2002ರಲ್ಲಿ ಪ್ಯಾಟರ್ನ್‌ಹಂಟರ್ ಅನ್ನೋ ಪ್ರೋಗ್ರಾಮ್ 11 ಅಕ್ಷರವನ್ನ ಸತತವಾಗಿ ಕೇಳೋ ಬದಲು 18 ಜಾಗದಲ್ಲಿ ಚದುರಿಸಿ ಕೇಳ್ತು, ಅಷ್ಟರಿಂದಲೇ ವೇಗ ಕಳ್ಕೊಳ್ಳದೇ ಜಾಸ್ತಿ ಹೋಲಿಕೆ ಸಿಗೋಕೆ ಶುರುವಾಯ್ತು. ಇಷ್ಟು ಚಿಕ್ಕ ಬದಲಾವಣೆಗೆ ಹನ್ನೆರಡು ವರ್ಷ ಬೇಕಾಯ್ತಲ್ಲ ಅನ್ಸುತ್ತೆ. ಬ್ಲಾಸ್ಟ್ ಅಷ್ಟು ಗೆದ್ದಿದ್ದು ಬರೀ ವೇಗಕ್ಕಲ್ಲ ಅಂತ ನನ್ನ ಅಭಿಪ್ರಾಯ, ಇಷ್ಟು ದೊಡ್ಡ ಡೇಟಾಬೇಸ್‌ನಲ್ಲಿ ಇಷ್ಟು ಅಂಕ ಬರೀ ಆಕಸ್ಮಿಕವಾಗಿ ಎಷ್ಟು ಸಲ ಬರಬಹುದು ಅಂತ ಹೇಳೋ ಇ-ವ್ಯಾಲ್ಯೂ ಅದ್ರ ಜೊತೆ ಬಂತು, ಸಿಕ್ಕಿದ ಹೋಲಿಕೆಯನ್ನ ನಂಬಬೇಕಾ ಬೇಡ್ವಾ ಅಂತ ನೋಡೋಕೆ ಒಂದು ಅಳತೆಗೋಲು ಸಿಕ್ತು.

ಇನ್ನೊಂದು ತಿರುವು ಕಂಪ್ರೆಷನ್ ಕಡೆಯಿಂದ ಬಂತು. 1994ರಲ್ಲಿ ಮೈಕಲ್ ಬರೋಸ್ ಮತ್ತೆ ಡೇವಿಡ್ ವೀಲರ್ ಫೈಲ್ ಚಿಕ್ಕದು ಮಾಡೋಕೆ ಅಕ್ಷರಗಳನ್ನ ಮರುಜೋಡಿಸೋ ಒಂದು ವಿಧಾನ ಕೊಟ್ರು, 2000ದಲ್ಲಿ ಫೆರಾಜಿನಾ ಮತ್ತೆ ಮಂಜಿನಿ ಹಾಗೆ ಕುಗ್ಗಿಸಿದ ಫೈಲ್‌ನ ಒಳಗೇ ಬಿಚ್ಚದೇ ಹುಡುಕಬಹುದು ಅಂತ ತೋರಿಸಿದ್ರು. 2009ರಲ್ಲಿ ಬೋಟೈ ಮತ್ತೆ ಬಿಡಬ್ಲ್ಯೂಎ ಅನ್ನೋ ಟೂಲ್‌ಗಳು ಇದನ್ನ ಜೀನೋಮ್‌ಗೆ ತಂದ್ವು. ಅವಶ್ಯಕತೇನೂ ಹಾಗಿತ್ತು, ಯಂತ್ರ ಜೀನೋಮನ್ನ ತುಣುಕು ತುಣುಕಾಗಿ ಓದುತ್ತೆ, ಒಬ್ಬ ಮನುಷ್ಯನ ಜೀನೋಮನ್ನ 30 ಪಟ್ಟು ಓದಿದ್ರೆ 150 ಅಕ್ಷರದ ತುಣುಕುಗಳು ಹೆಚ್ಚುಕಮ್ಮಿ 60 ಕೋಟಿ ಬರುತ್ತೆ, ಪ್ರತಿಯೊಂದೂ 300 ಕೋಟಿ ಅಕ್ಷರದಲ್ಲಿ ಎಲ್ಲಿಂದು ಅಂತ ಹೇಳ್ಬೇಕು. ಜಾಗ ಸಿಕ್ಕಿದ ಮೇಲೆ ಕೊನೇಗೆ ಅಲ್ಲಿ ನಡೆಯೋದು ಸ್ಮಿತ್-ವಾಟರ್‌ಮನ್ ಥರದ್ದೇ ಪುಟ್ಟ ಟೇಬಲ್ಲು.

ಹಾಗಾದ್ರೆ ಮೋಸ ಮಾಡದೇ, ಪಕ್ಕಾ ಉತ್ತರ ಕೊಟ್ಟು, ಟೇಬಲ್‌ಗಿಂತ ಬೇಗ ಮಾಡೋಕೆ ಆಗಲ್ವಾ? 1980ರಲ್ಲಿ ಮಾಸೆಕ್ ಮತ್ತೆ ಪ್ಯಾಟರ್‌ಸನ್ ಒಂಚೂರು ಇಳಿಸಿದ್ರು, ಲಾಗರಿದಮ್‌ನಷ್ಟು. 2015ರಲ್ಲಿ ಆರ್ತೂರ್ಸ್ ಬಾಕುರ್ಸ್ ಮತ್ತೆ ಪಿಯೋಟರ್ ಇಂಡಿಕ್, ಇದಕ್ಕಿಂತ ನಿಜವಾಗಿ ವೇಗದ ದಾರಿ ಸಿಕ್ಕಿದ್ರೆ ಲಾಜಿಕ್ ಸಮಸ್ಯೆಗಳ ಬಗ್ಗೆ ತಜ್ಞರು ಬಹಳ ಕಾಲದಿಂದ ಇಟ್ಕೊಂಡಿರೋ ಒಂದು ಊಹೆ ಸುಳ್ಳಾಗ್ಬೇಕಾಗುತ್ತೆ ಅಂತ ಸಾಬೀತು ಮಾಡಿದ್ರು. ಆ ಊಹೆಯನ್ನ ಯಾರೂ ಸಾಬೀತು ಮಾಡಿಲ್ಲ, ಆದ್ರೆ ಉದ್ದುದ್ದ ಸಾಲುಗಳಿಗೆ ಬೀಜ ಹುಡುಕೋ ಅಡ್ಡದಾರಿ ಹಿಡಿದವರ ಮೇಲೆ ಸೋಮಾರಿತನದ ಆರೋಪವಂತೂ ಹೊರಿಸೋ ಹಾಗಿಲ್ಲ.

ಈಗ ಕೆಲಸ ನಡೀತಿರೋದು ಬೇರೆ ಕಡೆ. ಇಷ್ಟು ವರ್ಷ ಹೋಲಿಸ್ತಿದ್ದಿದ್ದು ಮಾದರಿಯಾಗಿ ಇಟ್ಕೊಂಡ ಒಂದೇ ರೆಫರೆನ್ಸ್ ಜೀನೋಮ್ ಜೊತೆ, ಅದ್ರಲ್ಲಿಲ್ಲದ ತುಣುಕು ಒಬ್ಬರಲ್ಲಿದ್ರೆ ಅದು ಎಲ್ಲೂ ಕೂರಲ್ಲ, ಇಲ್ಲಾ ತಪ್ಪು ಜಾಗದಲ್ಲಿ ಕೂರುತ್ತೆ. 2023ರಲ್ಲಿ 47 ಜನರ ಜೀನೋಮ್ ಸೇರಿಸಿದ ಪ್ಯಾನ್‌ಜೀನೋಮ್‌ನ ಮೊದಲ ಕರಡು ಬಂತು, ಅದು ಒಂದು ಸಾಲಲ್ಲ, ಕವಲೊಡೆದು ಮತ್ತೆ ಸೇರೋ ಗ್ರಾಫು. ಅಲ್ಲೂ ಟೇಬಲ್ ಹಾಕಬಹುದು, ಆದ್ರೆ ಕವಲುಗಳು ಸೇರೋ ಕಡೆ ಒಂದು ಮನೆಗೆ ಮೂರರ ಬದಲು ಇನ್ನೂ ಹೆಚ್ಚು ಮನೆ ನೋಡ್ಬೇಕಾಗುತ್ತೆ.