ತಬಲಾ ಕಲಿತರೆ ನೀಟ್ ರ್ಯಾಂಕ್ ಬರುತ್ತದಾ?

ಪ್ರಶ್ನೆ: ನಿಮ್ಮ ವಾದ್ಯವೃಂದದಲ್ಲಿ ಇರುವವರೆಲ್ಲ ಡಾಕ್ಟರು, ನರ್ಸು, ಲ್ಯಾಬಿನವರು. ಸಂಗೀತ ಕಲಿತರೆ ಬುದ್ಧಿ ಚುರುಕಾಗುತ್ತದೆ ಅಂತಲೇ ಅಲ್ವಾ? ಮಗ ಎಂಟನೇ ಕ್ಲಾಸು. ತಬಲಾಕ್ಕೆ ಹಾಕಲಾ?

ಹಾಕ್ರಿ. ಆದರೆ ರ್ಯಾಂಕಿನ ಆಸೆಗೆ ಬೇಡ.

ಬೆಳಗಾವಿಯಲ್ಲಿ ನಮ್ಮ ಕಾರ್ಯಕ್ರಮ ಮುಗಿದು ಚಹಾ ಕೈಗೆ ಬರುವ ಮೊದಲೇ ಯಾರಾದರೂ ಇದನ್ನು ಕೇಳಿರುತ್ತಾರೆ. ನೋಡ್ರಿ, ಇದು ಆಸ್ಪತ್ರೆ, ಲ್ಯಾಬಿನವರಿಗೆಂದೇ ಕಟ್ಟಿದ ಗುಂಪು. ಬೇರೆಯವರು ಎಲ್ಲಿಂದ ಬರಬೇಕು? ಮೀನು ಮಾರ್ಕೆಟ್ಟಿನಲ್ಲಿ ನಿಂತು ‘ಊರಿನವರೆಲ್ಲ ಮೀನು ತಿನ್ನುತ್ತಾರೆ’ ಅಂದ ಹಾಗಾಯಿತು. ಇನ್ನೊಂದು, ಟ್ಯೂಷನ್ನಿಗೆ ದುಡ್ಡಿರುವ ಮನೆಯಲ್ಲೇ ತಬಲಾ ಕ್ಲಾಸಿಗೂ ದುಡ್ಡಿರುತ್ತದೆ. ಮಾರ್ಕ್ಸ್ ಬಂದರೆ ಹೆಸರು ಮಾತ್ರ ತಬಲಾಕ್ಕೆ!

ಈ ನಂಬಿಕೆಗೆ ಗಾಳಿ ಹಾಕಿದ್ದು 1993ರ ಒಂದು ಪುಟ್ಟ ಪ್ರಯೋಗ. ಅಮೆರಿಕದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಯುರೋಪಿನ ಹಳೆಯ ಸಂಗೀತಗಾರ ಮೊಜಾರ್ಟನ ಸಂಗೀತ ಕೇಳಿಸಿದರು. ಆಮೇಲೆ, ಮಡಚಿ ಕತ್ತರಿಸಿದ ಕಾಗದ ಬಿಚ್ಚಿದರೆ ಹೇಗೆ ಕಾಣುತ್ತದೆ ಅನ್ನುವಂಥ ಲೆಕ್ಕ ಕೊಟ್ಟರು. ಅಂಕ ಸ್ವಲ್ಪ ಜಾಸ್ತಿ ಬಂತು. ಆ ಲಾಭ ಉಳಿದದ್ದು 10–15 ನಿಮಿಷ ಮಾತ್ರ. ಅವರು ಮಕ್ಕಳಲ್ಲ, ಸಂಗೀತ ಕಲಿತವರೆಂದೂ ಅಲ್ಲ, ಸುಮ್ನೆ ಕೂತು ಕೇಳಿದವರು. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಕೂಸಿಗೂ ಸಂಗೀತದ ಸಿಡಿ ಹಂಚಲು ಹೊರಟರು! ಮರುವರ್ಷ ಕೆನಡಾದ ಇಬ್ಬರು ಸಂಶೋಧಕರು ಸಂಗೀತದ ಬದಲು ಕತೆ ಕೇಳಿಸಿ ನೋಡಿದರು. ಕತೆ ಇಷ್ಟವಾದವರಿಗೆ ಕತೆಯಿಂದಲೂ ಅಷ್ಟೇ ಲಾಭ. ಇಷ್ಟವಾದದ್ದು ಕೇಳಿದರೆ ಒಂದು ಗಳಿಗೆ ಮನಸ್ಸು ಗೆಲುವಾಗುತ್ತದೆ. ಇಷ್ಟೇರೀ ಮ್ಯಾಜಿಕ್ಕು.

ಆ 36 ಜನರ ಪ್ರಯೋಗ ಬಂದದ್ದು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ. 1920ರಲ್ಲಿ ಅದೇ ಪತ್ರಿಕೆಯಲ್ಲಿ ಸಿ.ವಿ. ರಾಮನ್ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದಿದ್ದರು. ಅದನ್ನು ಯಾರೂ ಕೇಳುವುದಿಲ್ಲ. ತಬಲಾದ ಕರಿ ಬೊಟ್ಟು ಯಾಕಿದೆ, ಹೇಳ್ರಿ? ಬರೀ ಚರ್ಮ ಬಿಗಿದರೆ ಹೊರಡುವ ಉಪಸ್ವರಗಳು, ಅಂದರೆ ಮೂಲ ಸ್ವರದ ಜೊತೆಗೇ ಏಳುವ ಮೇಲಿನ ಸ್ವರಗಳು, ಒಂದಕ್ಕೊಂದು ಕೂಡುವುದಿಲ್ಲ. ಢಬ್ ಅಂತ ಸದ್ದಷ್ಟೇ. ಆ ಕರಿ ಬೊಟ್ಟಿನ, ಅಂದರೆ ಶಾಯಿಯ, ಭಾರ ಬಿದ್ದಾಗ ಅವು ಮೂಲ ಸ್ವರದ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಹತ್ತಿರ ಬಂದು ಕೂರುತ್ತವೆ. ಸದ್ದು ಸ್ವರವಾಗುತ್ತದೆ. ಅದಕ್ಕೇ ತಬಲಾವನ್ನು ಶ್ರುತಿಗೆ ಕೂಡಿಸಲು ಬರುತ್ತದೆ. ಹಾರ್ಮೋನಿಯಂ ಸ್ವರವನ್ನಂತೂ ಕೂತಲ್ಲಿ ತಿರುಗಿಸಲಾಗದು, ಉಳಿದವರೇ ಬಗ್ಗಬೇಕು. ನಮ್ಮ ತಬಲಾದವರು ಅರಿವಳಿಕೆ ಡಾಕ್ಟರು. ಶ್ರುತಿ ಕೂಡಿಸಲು ಸುತ್ತಿಗೆ ಹಿಡಿದು ಕೂತರೆಂದರೆ ಇಪ್ಪತ್ತು ನಿಮಿಷ ಏಳುವುದಿಲ್ಲ.

ಮಗನನ್ನು ಆ ಹೊತ್ತಿಗೇ ಕರೆದುಕೊಂಡು ಬರ್ರಿ.