ಮುಂದಿನ ಬ್ರೇಕಿಗೆ ಹೆದರುವವರಿಗೆ

ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವ ಬೈಕುಗಳನ್ನು ಗಮನಿಸಿ. ಬಲಗಾಲು ಹಿಂದಿನ ಬ್ರೇಕನ್ನು ತುಳಿದೇ ಇರುತ್ತದೆ, ಬಲಗೈ ಬೆರಳು ಮುಂದಿನ ಬ್ರೇಕಿನ ಲಿವರ್ ಮುಟ್ಟುವುದೇ ಇಲ್ಲ. ‘ಮುಂದಿಂದು ಹಿಡಿಬೇಡ, ಪಲ್ಟಿ ಹೊಡೀತದೆ’ ಎಂದು ಅಪ್ಪನೋ ಅಣ್ಣನೋ ಮೊದಲ ದಿನ ಹೇಳಿದ್ದು, ಇಪ್ಪತ್ತು ವರ್ಷ ಓಡಿಸಿದವರ ಕೈಯಲ್ಲೂ ಹಾಗೇ ಕೂತಿದೆ. ಪ್ರೀತಿಯಿಂದಲೇ ಹೇಳಿದ ಮಾತು, ಆದರೆ ತಪ್ಪು.

ಬ್ರೇಕ್ ಹಾಕಿದೊಡನೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಹಿಡಿತವಿಲ್ಲ. ಜೋರಾಗಿ ತುಳಿದರೆ ಲಾಕ್ ಆಗಿ, ಅಂದರೆ ತಿರುಗುವುದೇ ನಿಂತು, ಪಕ್ಕಕ್ಕೆ ಜಾರುತ್ತದೆ. ಇಳಿಜಾರಿನಲ್ಲಿ ಇನ್ನೂ ಬೇಗ. ಒಣ ಡಾಂಬರಿನ ಮೇಲೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡೂ ಬ್ರೇಕ್ ಸರಿಯಾಗಿ ಬಳಸಿದರೆ ಸುಮಾರು 10 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನದೊಂದನ್ನೇ ನಂಬಿದರೆ ಹೆಚ್ಚುಕಡಿಮೆ ಅದರ ಎರಡು ಪಟ್ಟು ಬೇಕು. ಟೈರು, ರಸ್ತೆ, ಹಿಂದೆ ಕೂತವರ ತೂಕ ನೋಡಿ ಲೆಕ್ಕ ಬದಲಾಗುತ್ತದೆ, ನಿಜ.

ಹಾಗಾದರೆ ಪಲ್ಟಿ ಹೊಡೆಯುವುದು ಸುಳ್ಳೇ? ಅಲ್ಲ. ಭಾರ ಮುಂದಕ್ಕೆ ಬರುವ ಮೊದಲೇ ಲಿವರನ್ನು ಒಮ್ಮೆಲೇ ಹಿಚುಕಿದರೆ ಮುಂದಿನ ಚಕ್ರ ಲಾಕ್ ಆಗುತ್ತದೆ, ಬೀಳುತ್ತೀರಿ. ತಪ್ಪು ಬ್ರೇಕಿನದಲ್ಲ, ಹಿಚುಕಿದ್ದರದು. ಮೊದಲು ಲಿವರಿನ ಸಡಿಲವಷ್ಟನ್ನೇ ಎಳೆಯಿರಿ. ಮೆಲ್ಲಗೆ ಒತ್ತಿ, ಮುಂದಿನ ಫೋರ್ಕ್ (ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು) ಕುಗ್ಗಿದ್ದು ಕೈಗೆ ತಿಳಿಯುತ್ತದೆ. ಆಮೇಲೆ ಒತ್ತಡ ಹೆಚ್ಚಿಸಿ. ಇದೆಲ್ಲ ಅರ್ಧ ಸೆಕೆಂಡಿನ ಕೆಲಸ. ಚಕ್ರ ಜಾರಿತೆನಿಸಿದರೆ ತಕ್ಷಣ ಸಡಿಲಿಸಿ, ಮತ್ತೆ ಒತ್ತಿ. ತೊಡೆ ಟ್ಯಾಂಕಿಗೆ ಬಿಗಿಯಾಗಿರಲಿ, ಮೊಣಕೈ ಮಡಚಿರಲಿ. ಕ್ಲಚ್ ಕೊನೆಯಲ್ಲಿ ಸಾಕು.

‘ನನ್ನದು ಎಬಿಎಸ್ ಗಾಡಿ’ ಎನ್ನುವವರಿಗೆ ಒಂದು ಮಾತು. ಎಬಿಎಸ್ ಎಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಆದರೆ ಅನೇಕ ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಬ್ರೇಕನ್ನೇ ತುಳಿಯುವವರಿಗೆ ಅದರಿಂದ ಆಗುವ ಉಪಕಾರ ಏನೂ ಇಲ್ಲ. ತಿರುವಿನಲ್ಲಿ ಬೈಕು ವಾಲಿದ್ದಾಗ, ಒದ್ದೆ ಕೆಂಪು ಮಣ್ಣಿನ ಮೇಲೆ, ಹೆದ್ದಾರಿಯಲ್ಲಿ ಮೀನು ಲಾರಿ ಸುರಿಸಿಹೋದ ನೀರಿನ ಮೇಲೆ ಎಬಿಎಸ್ ಇದ್ದೂ ಜಾರಬಹುದು. ಹಾಗಾಗಿ ತಿರುವಿಗೆ ಮೊದಲೇ, ಬೈಕು ನೇರವಿದ್ದಾಗಲೇ ವೇಗ ಇಳಿಸಿ. ಘಟ್ಟದಲ್ಲಿ ನ್ಯೂಟ್ರಲ್ ಬೇಡವೇ ಬೇಡ.

ಲೈಸೆನ್ಸಿಗೆ ಹಾಕಿಸುವ ಎಂಟು ನಿಧಾನದಲ್ಲಿ ಸಮತೋಲನ ಎಷ್ಟಿದೆ ಎಂದು ತೋರಿಸುತ್ತದೆ, ಅಷ್ಟೆ. ಹಠಾತ್ತನೆ ದನ ಅಡ್ಡ ಬಂದಾಗ ಬೇಕಾದ ಕೈ ಅದರಿಂದ ಬರದು. ತರಬೇತಿಯಲ್ಲಿ ಒಬ್ಬರು ಪಕ್ಕದಲ್ಲಿ ನಿಂತು ನಿಮ್ಮ ಬೆರಳನ್ನೂ ಫೋರ್ಕನ್ನೂ ನೋಡುತ್ತಾರೆ. ಹಿಚುಕಿದಿರೋ ಒತ್ತಿದಿರೋ ಎಂದು ಸ್ವತಃ ಓಡಿಸುವವರಿಗೆ ತಿಳಿಯುವುದು ಕಷ್ಟ. ಖಾಲಿ ಮೈದಾನದಲ್ಲಿ 20ರ ವೇಗದಿಂದ ಶುರುಮಾಡಿ, ಹತ್ತು ಸಲ ಸರಿಯಾಗಿ ನಿಂತ ಮೇಲೆ 30, ಆಮೇಲೆ 40. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಮತ್ತೆ 20ರಿಂದಲೇ.